ದ್ವಾದಶಿಯ ಪಂಪು

ಮನೆಯ ದೀಪಗಳೆಲ್ಲ ಆರಿ ಬಹಳ ಹೊತ್ತಾಗಿತ್ತು. ಪಡಸಾಲೆಯ ಕಡೆಯಿಂದ ಸಣ್ಣಗೆ 'ಸ್ಸ್' ಎಂದಿತು. ನಿಂತಿತು. ಮತ್ತೆ 'ಸ್ಸ್' ಎಂದಿತು.

ಪದ್ಮಾಕ್ಷಿ ಹಾಸಿಗೆಯಲ್ಲೇ ಉಸಿರು ಬಿಗಿಹಿಡಿದಳು. ಅವಳು ಬಿ.ಎ. ಓದಿದವಳು, ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಕಲಿಸುವವಳು. ಆದರೂ ಯಾವ ಸದ್ದು ಕೇಳಿದರೂ ಅದಕ್ಕಿರಬಹುದಾದ ಕಾರಣಗಳಲ್ಲಿ ಅತಿ ಕೆಟ್ಟದ್ದನ್ನೇ ಮೊದಲು ಆರಿಸಿಕೊಳ್ಳುವುದು ಅವಳ ಹುಟ್ಟುಗುಣ. ಹಾವೇ ಸರಿ ಎಂದು ತೀರ್ಮಾನಿಸಿ, ಪಕ್ಕದಲ್ಲಿ ಮಲಗಿದ್ದ ಸೋದರತ್ತೆ ತುಳಸಮ್ಮನನ್ನು ಅಲುಗಿಸಿ ಎಬ್ಬಿಸಿದಳು.

ಅತ್ತೆ ಒಂದು ಕೈಯಲ್ಲಿ ಲಾಂದ್ರ, ಇನ್ನೊಂದರಲ್ಲಿ ಪೊರಕೆ ಹಿಡಿದು ಮುಂದೆ ನಡೆದರು. ಪದ್ಮಾಕ್ಷಿ ಅವರ ಸೆರಗು ಹಿಡಿದು ಹಿಂದೆ. ಪಡಸಾಲೆಯಲ್ಲಿ ಗೋಡೆಗೆ ಒರಗಿದ್ದ ಪದ್ಮಾಕ್ಷಿಯ ಸೈಕಲ್ಲು ಹಿಂದಿನ ಚಕ್ರದ ಗಾಳಿಯನ್ನು ಇಷ್ಟಿಷ್ಟೇ ಬಿಡುತ್ತಾ ನೆಲಕ್ಕೆ ಕೂರುತ್ತಿತ್ತು.

"ಇದೇನಾ ನಿನ್ನ ನಾಗಪ್ಪ?" ಎಂದರು ಅತ್ತೆ. "ಪಾವಂ, ಪ್ರಾಣ ಬಿಡ್ತಾ ಇದೆ. ಬಾಯಿಗೆ ಎರಡು ಹನಿ ತುಳಸೀ ನೀರು ಬಿಡ್ಲಾ?"

ಪದ್ಮಾಕ್ಷಿಗೆ ನಗು ಬಂತು. ಆದರೆ ಅತ್ತೆಯ ಮುಂದಿನ ಮಾತಿಗೆ ನಗು ಅಲ್ಲೇ ನಿಂತಿತು.

"ಭಾನುವಾರ ಇದರ ಮೇಲೇನಾ ನೀನು ಸೋಮನೂರಿಗೆ ಹೋಗೋದು?"

ಸೋಮನೂರಿನಲ್ಲಿ ರಾಮಾತಾಳ್ ಇದ್ದಳು. ಕನ್ನಡ ಮಾತಾಡುವ ಒಕ್ಕಲು ಮನೆಯ ಹುಡುಗಿ, ಕಾಲೇಜಿನಲ್ಲಿ ಪದ್ಮಾಕ್ಷಿಯ ಜೊತೆಗೆ ಓದಿದವಳು, ಸೈಕಲ್ಲು ತುಳಿಯುವುದನ್ನೂ ಟ್ಯೂಬಿಗೆ ತೇಪೆ ಹಾಕುವುದನ್ನೂ ಅವಳಿಗೆ ಕಲಿಸಿದವಳು. ಮದುವೆಯಾಗಿ ಮಗ್ಗದ ಮನೆ ಸೇರಿ, ಈಗ ಹೆಣ್ಣುಮಗುವಿನ ತಾಯಿ. 'ಬಸ್ಸಿನಲ್ಲಿ ಅಪ್ಪನ ಪಕ್ಕ ಕೂತು ಬರೋದಾದರೆ ಬರಲೇಬೇಡ, ಸೈಕಲ್ಲಿನಲ್ಲಿ ಬಾ' ಎಂದು ಹೇಳಿಕಳಿಸಿದ್ದಳು. ತಾವಿದ್ದ ಕೊಯಮತ್ತೂರಿನಿಂದ ಹದಿನೆಂಟು ಮೈಲಿ. ಪದ್ಮಾಕ್ಷಿ ಊರಿನ ಗಡಿಯನ್ನು ಒಬ್ಬಳೇ ಎಂದೂ ದಾಟಿರಲಿಲ್ಲ. ಹೆದರಿಕೆಯಿತ್ತು, ಆದರೆ ಈ ಸಲ ಹೋಗದಿದ್ದರೆ ಇನ್ನು ಎಂದೂ ಹೋಗಲಾರೆನೆಂಬ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು.

ಬೆಳಗ್ಗೆ ವಕೀಲ ವ್ಯಾಸರಾಯರು ಕಾಫಿ ಲೋಟ ಕೆಳಗಿಟ್ಟು ಮಗಳಿಗೆ ತೀರ್ಪು ಹೇಳಿದರು. "ದಾರೀಲಿ ಪಂಚರ್ ಆದ್ರೆ ಯಾರ ಮುಖವನ್ನೂ ನೋಡದೆ ನೀನೇ ಸರಿಮಾಡ್ಕೋಬೇಕು. ಭಾನುವಾರ ಬೆಳಗ್ಗೆ ನನ್ನ ಕಣ್ಣೆದುರಿಗೆ ಗಾಳಿ ಹಾಕಿ ತೋರಿಸು. ತೋರಿಸಿದ್ರೆ ಹೋಗು. ಇಲ್ಲಾಂದ್ರೆ ಈ ಮಾತು ಇನ್ನು ಎತ್ತಕೂಡದು."

ತೇಪೆ ಹಾಕಲು ಬರುತ್ತಿತ್ತು. ಇಲ್ಲದಿದ್ದದ್ದು ಪಂಪು ಒಂದೇ.

ಉಕ್ಕಡದ ಕುಪ್ಪುಸಾಮಿಯ ಸೈಕಲ್ ಅಂಗಡಿಗೆ ಅವಳು ಶಾಲೆ ಮುಗಿಸಿಕೊಂಡೇ ಹೋದಳು. ಅವನು ಟ್ಯೂಬಿಗೆ ತೇಪೆ ಅಂಟಿಸಿ, "ಪಂಪು ದಾನೇ ಅಮ್ಮಿಣಿ? ಎಷ್ಟು ಬೇಕು ಹೇಳುಂಗ!" ಎಂದು ತಮಿಳು ಬೆರೆತ ತನ್ನ ಕನ್ನಡದಲ್ಲಿ ಹೇಳಿ, ಮದುವೆಮನೆಯ ಯಜಮಾನನಂತೆ ಕೈ ಬೀಸಿದ. ಮೊದಲು ತಂದದ್ದು ನೆಲದ ಮೇಲಿಟ್ಟು ಕಾಲಲ್ಲಿ ಒತ್ತಿ ಹಿಡಿಯುವ ಪಂಪು. ನಾಲ್ಕೇ ಸಲ ಒತ್ತಿದರೆ ಟೈರು ಕಲ್ಲಾಗುತ್ತಿತ್ತು, ನಿಜ. ಆದರೆ ಅದನ್ನು ಸೋಮನೂರಿಗೆ ಸಾಗಿಸಲು ಎತ್ತಿನ ಗಾಡಿಯೇ ಬೇಕು. ಎರಡನೆಯದು ಉದ್ದನೆಯದು, ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಅದನ್ನು ಸಿಕ್ಕಿಸಲು ಗಂಡಸರ ಸೈಕಲ್ಲಿನ ಅಡ್ಡಕಂಬಿ ಬೇಕು. ಪದ್ಮಾಕ್ಷಿಯ ಸೈಕಲ್ಲಿಗೆ ಆ ಕಂಬಿಯೇ ಇರಲಿಲ್ಲ.

"ಹೆಗಲಿಗೆ ಹಾಕ್ಕೊಂಡು ಹೋಗುಂಗ, ಕೋವಿ ತರಹ. ಒಬ್ಬನೂ ಹತ್ರ ಬರಲ್ಲ!"

"ಪೊಲೀಸರು ಬರ್ತಾರೆ" ಎಂದಳು ಪದ್ಮಾಕ್ಷಿ.

ಮೂರನೆಯದು ಮೊಳಕ್ಕಿಂತ ಚಿಕ್ಕದು, ಅಪ್ಪಟ ಹಿತ್ತಾಳೆ. ರಬ್ಬರಿನ ಕೊಳವೆ ಹಿಡಿಯೊಳಗೇ ಅಡಗಿ ಕೂರುತ್ತಿತ್ತು. ಅವಳು ಅದನ್ನು ಕಿವಿಯ ಹತ್ತಿರ ಹಿಡಿದು ಒತ್ತಿದಳು, ಬೆರಳಿಟ್ಟು ತಡೆದಳು, ಕೆನ್ನೆಗೆ ಗಾಳಿ ಬಿಟ್ಟುಕೊಂಡಳು. ಕೈ ಜಾರಿದರೆ, ಬೆವರಿದರೆ, ಮಳೆ ಬಂದರೆ, ಹಿಡಿ ಕಳಚಿಕೊಂಡರೆ ಎಂದೆಲ್ಲ ಕೇಳಿದಳು. ಕೊನೆಯ ಪ್ರಶ್ನೆಗೆ ಉತ್ತರವಾಗಿ ಕುಪ್ಪುಸಾಮಿ ತಾನೇ ಹಿಡಿ ತಿರುಗಿಸಿ ಕಡ್ಡಿಯನ್ನು ಹೊರಗೆಳೆದ. ಅದರ ತುದಿಯಲ್ಲಿ ಪುಟ್ಟ ಬಟ್ಟಲಿನಂಥ ಕಂದು ಬಿಲ್ಲೆಯೊಂದು ಕೂತಿತ್ತು.

"ಗಾಳಿ ತಳ್ಳೋದು ಇದೇ. ಒಳ್ಳೇ ಎರುಮೆ ತೋಲು! ಎರಡು ಹನಿ ಎಣ್ಣೆ ಬಿಡಿ, ಗಕ್ಕಂತ ಹಿಡಿಯುತ್ತೆ."

ಎಮ್ಮೆಯ ತೊಗಲು. ಪದ್ಮಾಕ್ಷಿ ಹಿಂದೆ ತಿರುಗಿ ನೋಡಿದಳು, ತುಳಸಮ್ಮ ಅಲ್ಲೆಲ್ಲೋ ನಿಂತಿರುವರೇನೋ ಎಂಬಂತೆ. ಆ ಮನೆಯಲ್ಲಿ ತೊಗಲಿಗೆ ಇದ್ದ ಜಾಗ ಪಡಸಾಲೆಯ ತನಕ ಮಾತ್ರ. ಸೈಕಲ್ಲಿನ ಸೀಟು ತೊಗಲಿನದೆಂದು ಅವಳು ದಿನವೂ ಬಂದಕೂಡಲೇ ಸೀರೆ ಬದಲಿಸಬೇಕು. ಗಡಿಯಾರದ ಪಟ್ಟಿ ತೊಗಲಿನದೆಂದು ಅದನ್ನು ಬಿಚ್ಚಿಟ್ಟ ಮೇಲೇ ಊಟಕ್ಕೆ ಕೂರಬೇಕು. ಇರಲಿ, ಪಂಪು ಪಡಸಾಲೆ ದಾಟುವುದಿಲ್ಲವಲ್ಲ ಎಂದುಕೊಂಡು ಕೊಂಡಳು.

ಶನಿವಾರ ಏಕಾದಶಿ. ಒಲೆ ಹಚ್ಚದ ದಿನವಾದ್ದರಿಂದ ಮನೆಯ ಹಿತ್ತಾಳೆಯೆಲ್ಲ ಬಾವಿಕಟ್ಟೆಗೆ ಬಂದು ಹುಣಸೆಹಣ್ಣಿನ ಸ್ನಾನ ಮಾಡುತ್ತಿತ್ತು. ಪದ್ಮಾಕ್ಷಿ ಸೈಕಲ್ಲನ್ನು ಮನೆಯ ಬದಿಯಿಂದ ಹಿತ್ತಲಿಗೆ ತಳ್ಳಿಕೊಂಡು ಬಂದು, ಗಾಳಿ ಬಿಟ್ಟು, ಗಾಳಿ ತುಂಬಿ, ಮತ್ತೆ ಬಿಟ್ಟು ಅಭ್ಯಾಸ ಮಾಡಿದಳು. ಎರಡು ಹನಿ ಸಾಲದೇನೋ ಎಂಬ ಅನುಮಾನಕ್ಕೆ ಅರ್ಧ ಬಟ್ಟಲು ಕೊಬ್ಬರಿ ಎಣ್ಣೆ ಬಿಟ್ಟಿದ್ದರಿಂದ ಪಂಪು ಮೈಯೆಲ್ಲ ಜಿಡ್ಡಾಯಿತು. ಅದನ್ನೂ ಒಂದಿಷ್ಟು ಹುಣಸೆಹಣ್ಣು ಹಾಕಿ ತಿಕ್ಕಿ, ತೊಳೆದು, ಒಣಗಲೆಂದು ಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ಸೋಮನೂರಿನ ದಾರಿಯನ್ನು ನೆನೆಯುತ್ತಾ ಅದನ್ನು ಮರೆತೇಬಿಟ್ಟಳು.

ಭಾನುವಾರ, ಉಪವಾಸ ಮುರಿಯುವ ದ್ವಾದಶಿಯ ದಿನ, ಕತ್ತಲು ಹರಿಯುವ ಮೊದಲೇ ಎದ್ದು ನೋಡಿದರೆ ಕಟ್ಟೆಯ ಮೇಲೆ ಪಂಪಿಲ್ಲ. ಕೊಡಪಾನಗಳಿಲ್ಲ, ತಂಬಿಗೆಗಳಿಲ್ಲ, ಪಂಪೂ ಇಲ್ಲ. ಅಷ್ಟರಲ್ಲಿ ಅಡುಗೆಮನೆಯಿಂದ ಕೇಳಿಸಿತು: ಪುಸ್. ಪುಸ್. ಪುಸ್.

ಹೊಸ್ತಿಲ ತನಕ ಓಡಿ ನಿಂತಳು. ಒಳಗೆ ಮಡಿಸೀರೆಯ ತುಳಸಮ್ಮ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಹಿತ್ತಾಳೆ ಪಂಪನ್ನು ಹಸಿ ಸೌದೆಗೆ ಗುರಿಯಿಟ್ಟು, ಎರಡು ಕೈಯಲ್ಲೂ ಒತ್ತುತ್ತಿದ್ದರು. ಪ್ರತಿ ಸಲ ಒತ್ತಿದಾಗಲೂ ಒಲೆ ಭಗ್ಗೆಂದು ನಗುತ್ತಿತ್ತು. ನಿನ್ನೆಯಿಂದ ಹನಿ ನೀರೂ ಮುಟ್ಟದ ಅತ್ತೆಯ ಮುಖ ಬೆಂಕಿಯ ಬೆಳಕಿನಲ್ಲಿ ಜೋಕಾಲಿ ಏರಿದ ಹುಡುಗಿಯ ಮುಖದಂತಿತ್ತು.

"ಪದ್ದೂ, ನೋಡಿದ್ಯಾ ಇದರ ಕೆಲ್ಸ! ನನ್ನ ಊದುಗೊಳವೆ ಆದ್ರೆ ಬಾಯಿ ಇಡಬೇಕು, ಎಂಜಲು. ಇದಕ್ಕೆ ಬಾಯೇ ಬೇಡ! ನಿಮ್ಮಪ್ಪ ಹುಟ್ಟಿದಾಗಿನಿಂದ ನನಗೆ ಬೇಕಾದ್ದೊಂದು ತಂದಿದ್ದು ಇದೇ ಮೊದ್ಲು. ಪಾರಣೆ ಹೊತ್ತಿಗೆ ಎಲ್ಲ ರೆಡಿ. ನೈವೇದ್ಯಕ್ಕಿಡೋದೊಂದೇ ಬಾಕಿ."

ಅಗಸೆಸೊಪ್ಪಿನ ಪಲ್ಯ, ನೆಲ್ಲಿಕಾಯಿ ತಂಬುಳಿ, ಪಾಯಸ. ಎಲ್ಲವೂ ಎಮ್ಮೆಯ ತೊಗಲು ತಳ್ಳಿದ ಗಾಳಿಯಲ್ಲಿ ಬೆಂದಿದ್ದವು.

ಪದ್ಮಾಕ್ಷಿ ಬಾಯಿ ತೆರೆದಳು. ಹೇಳಿದರೆ ಅಡುಗೆಯೆಲ್ಲ ಹಸುವಿನ ಪಾಲು, ಒಲೆಗೆ ಹೊಸ ಸಾರಣೆ, ಅತ್ತೆಗೆ ಇನ್ನೊಂದು ಸ್ನಾನ. ಅಷ್ಟರಲ್ಲಿ ಪಾರಣೆಯ ಹೊತ್ತು ಮೀರಿ ಅವರು ಇನ್ನೊಂದು ದಿನ ಹಸಿದಿರುತ್ತಾರೆ. ಪಂಪು ತಿಪ್ಪೆಗೆ. ಸೋಮನೂರೂ ಅದರ ಹಿಂದೆಯೇ ತಿಪ್ಪೆಗೆ. ಬಾಯಿ ಮುಚ್ಚಿದಳು.

ಸದ್ದು ಕೇಳಿ ವ್ಯಾಸರಾಯರು ಬಂದರು. "ಅಕ್ಕಾ! ಅದು ಸೈಕಲ್ ಪಂಪು!"

ಪುಸ್ ನಿಂತಿತು. "ಸೈಕಲ್ಲಿಗೆ ಇದೇನು ಮಾಡುತ್ತೆ?"

"ಗಾಳಿ ಹಾಕುತ್ತೆ."

"ಇಲ್ಲೂ ಅದೇ ತಾನೇ ಹಾಕ್ತಿದೆ? ಹುಣಸೆಹಣ್ಣಲ್ಲಿ ತಿಕ್ಕಿದ ಹಿತ್ತಾಳೆ, ನಾನೇ ಮೇಲೆ ನೀರು ಬಿಟ್ಟು ಎತ್ಕೊಂಡೆ. ವಕೀಲರಿಗೆ ಇನ್ನೇನು ಸಾಕ್ಷಿ ಬೇಕು?"

ವಕೀಲರು ಸೋಲುವವರಲ್ಲ. ಮಗಳ ಕಡೆ ತಿರುಗಿದರು. "ಅದರ ಒಳಗೆ ಏನಿದೆ?"

ಒಲೆಯಲ್ಲಿ ಕೊಳ್ಳಿಯೊಂದು ಚಟಕ್ಕೆಂದಿತು. ಪದ್ಮಾಕ್ಷಿ ಮಾತನ್ನು ತೂಗಿ ಆಡುವವಳು. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಗಾಳಿ, ಅಪ್ಪಾ."

"ನೋಡಿದ್ಯಾ?" ಎಂದರು ತುಳಸಮ್ಮ. "ಗಾಳಿಗೆ ಮೈಲಿಗೆ ಉಂಟಾ? ಹೋಗು, ಎಲೆ ಹಾಕು."

ದೇವರು ಉಂಡ. ವ್ಯಾಸರಾಯರು ಎರಡು ಸಲ ಪಾಯಸ ಹಾಕಿಸಿಕೊಂಡರು. ಪದ್ಮಾಕ್ಷಿ ತಲೆ ಎತ್ತದೆ ಉಂಡಳು. ಇಷ್ಟು ರುಚಿಯಾದ ಅಗಸೆಸೊಪ್ಪು ತಿಂದ ನೆನಪು ಅವಳಿಗಿರಲಿಲ್ಲ. ಕೈ ತೊಳೆದವಳೇ ಪಂಪು ಎತ್ತಿಕೊಂಡು ಅಂಗಳಕ್ಕೆ ಬಂದು, ಚಕ್ರದ ಗಾಳಿ ಪೂರ್ತಿ ಬಿಟ್ಟು, ಅಪ್ಪನ ಕಣ್ಣೆದುರೇ ತುಂಬಿಸಿದಳು. ವ್ಯಾಸರಾಯರು ಹೆಬ್ಬೆರಳಿನಿಂದ ಟೈರು ಒತ್ತಿ ನೋಡಿ, ಬೇರೆ ದಾರಿಯಿಲ್ಲದೆ, "ಸರಿ" ಎಂದರು.

"ಜೋಪಾನ ಪದ್ದೂ!" ಎಂದು ತುಳಸಮ್ಮ ಬಾಗಿಲಿಗೆ ಬಂದು ಕೂಗಿದರು. ಅದು ತನಗೆ ಹೇಳಿದ್ದೆಂದುಕೊಂಡು ಪದ್ಮಾಕ್ಷಿಯ ಕಣ್ಣು ತುಂಬುವುದರಲ್ಲಿತ್ತು. "ಯಾರ ಕೈಗೂ ಕೊಡಬೇಡ ಅದನ್ನ! ನಾಳೆ ಬೆಳಗ್ಗೆ ನನಗೆ ಬೇಕು!"

ಅವಿನಾಶಿ ರಸ್ತೆಯ ಹುಣಸೆಮರಗಳು ಎರಡೂ ಬದಿಯಲ್ಲಿ ಓಡಿದವು. ಸೈಕಲ್ಲು ಹಾರುತ್ತಿತ್ತು, ಸೆರಗು ಹಾರುತ್ತಿತ್ತು. ಕಳಚಬಹುದಾದದ್ದೆಲ್ಲ ಕಳಚೀತೆಂದು ಅವಳು ಕಾಯುತ್ತಿದ್ದಳು, ಕಾಯುತ್ತಲೇ ಜೋರಾಗಿ ತುಳಿಯುತ್ತಿದ್ದಳು. ನೀಲಾಂಬೂರು ದಾಟಿದ ಮೇಲೆ ಜಾಲಿಮುಳ್ಳೊಂದು ಅವಳ ನಿರೀಕ್ಷೆ ಹುಸಿಮಾಡದೆ ಟೈರಿಗೆ ಚುಚ್ಚಿತು. ಪಂಚರ್ ಆದದ್ದಕ್ಕೆ ಇಷ್ಟು ಖುಷಿಪಟ್ಟವರು ಆ ರಸ್ತೆಯಲ್ಲಿ ಇನ್ನೊಬ್ಬರಿರಲಾರರು. ಮರದ ನೆರಳಲ್ಲಿ ಕೂತು, ಮುಳ್ಳು ಕಿತ್ತು, ತೇಪೆ ಅಂಟಿಸಿ, ಪಂಪು ಹಿಡಿದಳು. ಮೊದಲ ಒತ್ತಿಗೇ ಹಿಡಿಯ ಸಂದಿಯಲ್ಲಿ ಅಡಗಿ ಉಳಿದಿದ್ದ ಬೂದಿಯ ಮೋಡವೊಂದು ಅವಳ ಮುಖಕ್ಕೆ ಹಾರಿತು. ಎರಡನೆಯ ಒತ್ತಿಗೆ ಏಲಕ್ಕಿ ಪಾಯಸದ ವಾಸನೆ ಬಂತು. ರಸ್ತೆಬದಿಯಲ್ಲಿ ಒಬ್ಬಳೇ ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

ಸೋಮನೂರಿನಲ್ಲಿ ಮಗ್ಗಗಳ ಸದ್ದಿನ ನಡುವೆ ರಾಮಾತಾಳ್ ಮಗುವನ್ನು ಸೊಂಟಕ್ಕೇರಿಸಿಕೊಂಡು ಓಡಿ ಬಂದಳು. "ಬಂದೇಬಿಟ್ಯಾ! ಒಬ್ಳೇನಾ? ಅಯ್ಯೋ, ಮುಖಕ್ಕೇನೇ ಬೂದಿ? ಯಾಕೆ ಹಾಗೆ ನಗ್ತಿದ್ದೀಯಾ, ಹೇಳೇ!"

ಹೇಳಲು ನಾಲಿಗೆ ತುರಿಸಿತು. ಆದರೆ ರಾಮಾತಾಳಿಗೆ ಹೇಳಿದ್ದು ಮಗ್ಗಗಳ ಸದ್ದನ್ನೂ ಮೀರಿ ಹತ್ತು ಮನೆಗೆ ಕೇಳಿಸುತ್ತಿತ್ತು. ನಾಳೆ ಕುಪ್ಪುಸಾಮಿಯನ್ನು ಕೇಳಬೇಕು, ತೊಗಲಿನ ಬದಲು ರಬ್ಬರಿನ ಬಿಲ್ಲೆ ಸಿಕ್ಕುವುದೇ ಎಂದು. ಇವತ್ತಿನದ್ದು ಇವತ್ತಿಗೆ ಮುಗಿಯಿತು. ಅತ್ತೆಯ ಹೊಟ್ಟೆ ತುಂಬಿದೆ, ಅಪ್ಪನ ಹೊಟ್ಟೆ ತುಂಬಿದೆ. ಎಲ್ಲವನ್ನೂ ನೋಡುತ್ತಾ ಮೊದಲು ಉಂಡವನೊಬ್ಬನಿದ್ದಾನೆ. ಅವನೇ ತುಟಿ ಬಿಚ್ಚಿಲ್ಲ.

"ಏನಿಲ್ಲ ಬಿಡೇ, ಗಾಳಿ ಜಾಸ್ತಿ ಇತ್ತು ದಾರೀಲಿ" ಎಂದು ಪದ್ಮಾಕ್ಷಿ ಮಗುವಿಗೆ ಕೈ ಚಾಚಿದಳು. ಯಾರಿಗೂ ಹೇಳುವುದಿಲ್ಲ ಎಂದು ಆಗಲೇ ನಿಶ್ಚಯಿಸಿಯಾಗಿತ್ತು.