ಜಿಜೋ ಸ್ವಾಮಿಯ ಹೆಡ್‌ಫೋನ್

ಮುನಕಾತ ಆ ಹೆಡ್‌ಫೋನನ್ನು ಮೊದಲ ಸಲ ತಲೆಗೇರಿಸಿದಾಗ ಅವನ ಗದ್ದ ತಾನಾಗಿಯೇ ಎದೆಗೆ ಹೋಗಿ ತಗುಲಿತು. ಚೆರಿ ಮರದ ದಿಮ್ಮಿಯಿಂದ ಕಡೆದು, ಏಳು ಸಲ ಅರಗು ಬಳಿದು, ಹೊರಬದಿಗೆ ಜಾಲಂದ್ರ ಕೂರಿಸಿದ ಎರಡು ಬಟ್ಟಲುಗಳು; ಒಟ್ಟು ತೂಕ ಏಳುನೂರ ಇಪ್ಪತ್ತು ಗ್ರಾಂ. ಎಲೆಕ್ಟ್ರಾನಿಕ್ಸ್ ಪೇಟೆ ಅಕಿಹಾಬಾರದ ಅಂಗಡಿಯವನು ಮಾತ್ರ, "ತಲೆ ಮೇಲೆ ಕೂತಿರೋದೇ ಗೊತ್ತಾಗಲ್ಲ ಸಾರ್" ಎಂದಿದ್ದ. ಆ ಪುಣ್ಯಾತ್ಮನ ತಲೆ ಯಾತರಿಂದ ಮಾಡಿದ್ದೋ ಏನೋ.

ಅರವತ್ತಾರರ ಮುನಕಾತ ಇದನ್ನು ಕೊಂಡದ್ದು ಶೋಕಿಗಲ್ಲ. ಹತ್ತೊಂಬತ್ತನೇ ವಯಸ್ಸಿನಿಂದ ಅವನ ಬಳಿ ಒಂದು ಪಿಯಾನೋ ಕಚೇರಿಯ ರೆಕಾರ್ಡಿತ್ತು. ಕೊನೆಯ ಸ್ವರ ಆರಿದ ಮೇಲೆ, ಚಪ್ಪಾಳೆ ಏಳುವ ಮೊದಲು, ಪಿಯಾನೋದವನು ಕೂತಿದ್ದ ಸ್ಟೂಲು ಒಮ್ಮೆ ಕಿರುಗುಟ್ಟುತ್ತಿತ್ತು. ಆಮೇಲೆ ಅವನು ಉಸಿರು ಬಿಡುತ್ತಿದ್ದ. ಅಷ್ಟೇ. ಅದನ್ನು ಕೇಳಿದಾಗಲೆಲ್ಲ ಮುನಕಾತನಿಗೆ ಆ ಮನುಷ್ಯ ತನ್ನ ಪಕ್ಕದಲ್ಲೇ ಕೂತು ಕೆಲಸ ಮುಗಿಸಿ ಎದ್ದಂತೆ ಅನ್ನಿಸಿ ಮನಸ್ಸು ತುಂಬುತ್ತಿತ್ತು. ಹನ್ನೊಂದು ವರ್ಷಗಳಿಂದ ಆ ಕಿರುಗುಟ್ಟುವಿಕೆ ಕೇಳಿಸುತ್ತಿರಲಿಲ್ಲ. ಆಂಪ್ಲಿಫೈಯರ್ ಸರಿಯಿಲ್ಲವೆಂದು ಅವನು ಆಂಪ್ಲಿಫೈಯರ್ ಬದಲಿಸಿದ. ಆಮೇಲೆ ಮತ್ತೊಂದು. ಹೀಗೆ ಏಳಾದವು. ಕಿವಿಯ ಡಾಕ್ಟರು ಏನೋ ಗೆರೆ ಎಳೆದು ತೋರಿಸಿ, ಇನ್ನೊಂದು ವರ್ಷಕ್ಕೆ ಇನ್ನಷ್ಟು ಮಂದವಾಗಬಹುದು ಎಂದಿದ್ದರು. ಆ ಕಾಗದವನ್ನು ಅವನು ಮಡಿಸಿ ಕಪಾಟಿನ ತಳಕ್ಕೆ ಸೇರಿಸಿದ್ದ.

ಸ್ಟೂಲಿನ ವಿಷಯ ಅವನು ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಸಂಗೀತ ಕೇಳುವ ಅವನ ಗೆಳೆಯರಿಬ್ಬರ ಗುಣ ಅವನಿಗೆ ಗೊತ್ತು. ಅವರ ಮುಂದೆ ಇಂಥ ಸದ್ದಿದೆ ಎಂದು ಹೆಸರಿಟ್ಟು ಹೇಳಿದರೆ ಸಾಕು, ಮರುಗಳಿಗೆ ಇಬ್ಬರಿಗೂ ಅದು ಕೇಳಿಸಿಬಿಡುತ್ತಿತ್ತು. ಇಲ್ಲದ ಸದ್ದಾದರೂ ಸರಿ. ಕುರಮೋಚಿಗೆ ಹಳೇ ರೇಡಿಯೋದಲ್ಲಿರುತ್ತಿದ್ದಂಥ ಗಾಜಿನ ವಾಲ್ವುಗಳಿಲ್ಲದ ಆಂಪ್ಲಿಫೈಯರು ಆಂಪ್ಲಿಫೈಯರೇ ಅಲ್ಲ. ಅಸಾಹಿನಾಗೆ ಟ್ರಾನ್ಸಿಸ್ಟರಿನ ಹೊರತು ಬೇರೆ ದೇವರಿಲ್ಲ. ಇವರಿಬ್ಬರೂ ಒಪ್ಪುತ್ತಿದ್ದ ನಿಯಮ ಒಂದೇ: ಹೊಸ ಹೆಡ್‌ಫೋನಿಗೆ ಇನ್ನೂರು ಗಂಟೆ ಹಾಡು ಕುಡಿಸಬೇಕು, ಅಲ್ಲಿಯತನಕ ಅದಕ್ಕೆ ಕಿವಿ ಕೊಡಬಾರದು, ಮತ್ತು ಅಷ್ಟೂ ಹೊತ್ತು ಅದನ್ನು ತಲೆಯಷ್ಟೇ ಅಗಲದ ವಸ್ತುವಿನ ಮೇಲೆ ಬಿಗಿದಿಟ್ಟು ಹಿಡಿತ ಸಡಿಲಿಸಬೇಕು.

ಮುನಕಾತನ ತಲೆಯಷ್ಟೇ ಅಗಲದ ವಸ್ತು ಮನೆಯಲ್ಲಿ ಇದ್ದದ್ದು ಅಕ್ಕಿ ಡಬ್ಬ ಒಂದೇ. ಎರಡನೇ ದಿನ ಅವನ ಹೆಂಡತಿ ಶಿನೊ ಸೇರು ಹಿಡಿದು ಎದುರು ನಿಂತಳು.

"ಅನ್ನ ಬೇಕೋ, ಡಬ್ಬಕ್ಕೆ ಹಾಡು ಕೇಳಿಸ್ಬೇಕೋ? ಒಂದು ಹೇಳಿ."

"ಇನ್ನು ನೂರಾ ಎಂಬತ್ತು ಗಂಟೆ ಕಣೇ."

"ಹಾಗಾದ್ರೆ ನೂರಾ ಎಂಬತ್ತು ಗಂಟೆ ಹಾಡೇ ಉಣ್ಣಿ."

ಅವನು ಹೆಡ್‌ಫೋನನ್ನು ಎದೆಗವಚಿಕೊಂಡು ಓಣಿಗಿಳಿದ. ಅಳತೆಯ ಟೇಪು ಜೇಬಿನಲ್ಲಿತ್ತು. ತರಕಾರಿ ಅಂಗಡಿಯ ಕುಂಬಳಕಾಯಿ ಅಳೆದ, ಅಗಲ ಹೆಚ್ಚಾಯಿತು. ಅಂಚೆ ಡಬ್ಬಿ ಅಳೆಯುತ್ತಿರುವಾಗ ಒಬ್ಬ ಸೈಕಲ್ ನಿಲ್ಲಿಸಿ ನೋಡಿದ್ದರಿಂದ ಅಲ್ಲಿಂದ ಜಾಗ ಖಾಲಿ ಮಾಡಿದ. ಓಣಿಯ ಮೂಲೆಯ ಪುಟ್ಟ ಗುಡಿಯಲ್ಲಿ ಕಲ್ಲಿನ ಜಿಜೋ ಇದ್ದ. ಮಕ್ಕಳನ್ನೂ ದಾರಿಹೋಕರನ್ನೂ ಕಾಯುವ ದೇವರು, ನುಣ್ಣನೆಯ ಬೋಳುತಲೆ, ಕಣ್ಣು ಮುಚ್ಚಿ ಒಂದಿಷ್ಟೇ ನಗುವ ಮುಖ. ಮುನಕಾತ ಟೇಪು ಸುತ್ತಿದ. ಐವತ್ತೆಂಟು ಸೆಂಟಿಮೀಟರ್. ತನ್ನದೂ ಅಷ್ಟೇ! ದೇವರಿಗೂ ತನಗೂ ಒಂದೇ ಅಳತೆಯ ತಲೆ ಎಂದು ಅವನಿಗೆ ಕೊಂಚ ಹೆಮ್ಮೆಯೂ ಆಯಿತು.

ಗುಡಿಯ ದೀಪಕ್ಕೆಂದು ಒಂದು ಪ್ಲಗ್ಗು ಇತ್ತು. ಕಿರುಬೆರಳುದ್ದದ ಪ್ಲೇಯರನ್ನು ಅದಕ್ಕೆ ಸಿಕ್ಕಿಸಿ, ತನ್ನ ಪಿಯಾನೋ ಕಚೇರಿಯ ಕೊನೆಯ ಭಾಗವನ್ನೇ ಮತ್ತೆ ಮತ್ತೆ ಬರುವಂತೆ ಹಚ್ಚಿ, ಹೆಡ್‌ಫೋನನ್ನು ಜಿಜೋವಿನ ತಲೆಗೆ ಏರಿಸಿದ. ಕಲ್ಲಿನ ಕುತ್ತಿಗೆ ಕೂದಲೆಳೆಯಷ್ಟೂ ಬಾಗಲಿಲ್ಲ. ಶಿನೊ ಅನ್ನ ಮಾಡಿ ಮುಗಿಸುವ ತನಕ ಇಲ್ಲಿರಲಿ, ಎರಡು ಗಂಟೆಯ ಮಾತು ಎಂದುಕೊಂಡು ಮನೆಗೆ ಹೋದ.

ಊಟ ಮುಗಿಸಿ ಬಂದು ನೋಡಿದರೆ ಗುಡಿಯ ಮುಂದೆ ಆರು ಹೆಂಗಸರು ಕೈಮುಗಿದು ನಿಂತಿದ್ದರು. ಹೆಡ್‌ಫೋನಿನ ಪಟ್ಟಿಯ ಮೇಲೆ ಕೆಂಪು ಉಣ್ಣೆಯ ಟೋಪಿ, ಕೊರಳಿಗೆ ಅದಕ್ಕೊಪ್ಪುವ ಹೊಸ ಕೆಂಪು ಎದೆವಸ್ತ್ರ, ಮುಂದೆ ಎರಡು ಹುರುಳಿ ಕಡುಬು. ಜಿಜೋವಿಗೆ ಚಳಿಗಾಲದಲ್ಲಿ ಟೋಪಿ ಹೊಲಿದು ತೊಡಿಸುವವಳು, ನೆಲ ಗುಡಿಸುವವಳು ಎಲ್ಲ ಕಿನುಕೊ ಅಜ್ಜಿಯೇ. ಎಪ್ಪತ್ತೊಂಬತ್ತಾದರೂ ಓಣಿಯ ಹೆಂಗಸರಿಗೆ ಅವಳ ಮಾತೇ ಮಾತು.

"ಮುನಕಾತ, ನೀನಾ ಕೊಟ್ಟಿದ್ದು? ನಾನು ಇಷ್ಟು ವರ್ಷ ಟೋಪಿ ಹೊಲಿದೆ, ಕಿವಿ ಬೆಚ್ಚಗಿಡ್ಬೇಕು ಅಂತ ಹೊಳೀಲೇ ಇಲ್ಲ ನೋಡು. ಎಂಥ ಮರ! ಎಂಥ ಮನಸ್ಸು ಕಣಪ್ಪಾ ನಿಂದು!"

ಆರು ಹೆಂಗಸರೂ ಸೊಂಟದಿಂದ ಬಾಗಿ ವಂದಿಸಿದರು. ಇಲ್ಲೇ ಮುನಕಾತ ಕೆಟ್ಟ. ಅವನ ಸೊಂಟವೂ ತಾನಾಗಿ ಬಾಗಿತು. ಹುಟ್ಟಿದಾಗಿನಿಂದ ಯಾರಿಗೆ ಏನು ಕೊಟ್ಟರೂ ಆಡುತ್ತ ಬಂದ ಮಾತು ಅವನು ತಡೆಯುವ ಮೊದಲೇ ಬಾಯಿಂದ ಬಿತ್ತು.

"ಏನೂ ಅಲ್ಲ ಬಿಡಿ, ಕೆಲಸಕ್ಕೆ ಬಾರದ ಸಾಮಾನು."

ಹಾಗೆಂದ ಮೇಲೆ ಮುಗಿಯಿತು. ಉಡುಗೊರೆ ಕೊಡುವವರಲ್ಲದೆ ಬೇರೆ ಯಾರೂ ಆಡದ ಮಾತದು. ಅಜ್ಜಿ ಇನ್ನೂ ಆಳಕ್ಕೆ ಬಾಗಿದಳು, ಅವನು ಅವಳಿಗಿಂತ ಆಳಕ್ಕೆ ಬಾಗಿದ. ದೇವರಿಗೆ ಕೊಟ್ಟದ್ದನ್ನು ಅದೇ ಮಧ್ಯಾಹ್ನ ಕಿತ್ತುಕೊಳ್ಳುವ ಧೈರ್ಯ ಆ ಓಣಿಯಲ್ಲಿ ಯಾರಿಗೂ ಇರಲಿಲ್ಲ. ಅವನಿಗಂತೂ ಕಡುಬಿನಲ್ಲಿ ಒಂದನ್ನು ಪ್ರಸಾದವೆಂದು ತಿನ್ನಿಸಿ ಕಳಿಸಿದರು.

ಅಂದಿನಿಂದ ದಿನಕ್ಕೆ ನಾಲ್ಕು ಸಲ ಅವನು ಗುಡಿಯ ಮುಂದೆ ಸುಳಿದ. ಹೆಂಗಸರು, "ಎಷ್ಟು ಭಕ್ತಿ ಬಂತು ಈ ಮನುಷ್ಯನಿಗೆ" ಎಂದು ಶಿನೊ ಬಳಿ ಹೊಗಳಿದರು. ಅವಳು ಬಿದ್ದು ಬಿದ್ದು ನಕ್ಕಳು.

ಎರಡನೇ ಭಾನುವಾರ ಇನ್ನೂರು ಗಂಟೆ ತುಂಬಿತು. ಅಂದು ಬೆಳಿಗ್ಗೆ ಗೆಳೆಯರಿಬ್ಬರೂ ಆಂಪ್ಲಿಫೈಯರುಗಳನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಬಂದರು. ಈ ಹೆಡ್‌ಫೋನಿಗೆ ಯಾವುದು ಹೊಂದುತ್ತದೆಂದು ಆವತ್ತೇ ತೀರ್ಮಾನವಾಗಬೇಕಿತ್ತು. ಹೆಡ್‌ಫೋನನ್ನು ಜಿಜೋವಿನ ತಲೆಯಿಂದ ತೆಗೆಯುವಂತಿಲ್ಲ ಎಂದು ಕೇಳಿ ಕುರಮೋಚಿ ಗಲ್ಲ ತುರಿಸಿಕೊಂಡ.

"ತೆಗೀಬೇಡ ಬಿಡು. ಜೋಡಿಸೋಣ. ಮುಖ ನೋಡಿದ್ರೆ ಗೊತ್ತಾಗುತ್ತೆ."

"ಯಾರ ಮುಖ?"

"ಕೇಳೋರ್ ಮುಖ."

ಗುಡಿಯ ಮೆಟ್ಟಿಲ ಮೇಲೆ ವಾಲ್ವುಗಳು ಕೆಂಪಗೆ ಬೆಳಗಿದವು. ಮೂವರು ಗಂಡಸರು ಮೊಣಕಾಲೂರಿ ಜಿಜೋವಿನ ಮುಖವನ್ನೇ ನೋಡಿದರು.

"ನೋಡು, ತುಟಿ ಹತ್ರ ಮೆದುವಾಯ್ತು. ವಾಲ್ವಿಗೆ ಹಾಗೇ ಆಗೋದು," ಎಂದ ಕುರಮೋಚಿ.

ಅಸಾಹಿನಾ ತಂತಿ ಕಿತ್ತು ತನ್ನದಕ್ಕೆ ಸಿಕ್ಕಿಸಿದ. "ಈಗ ನೋಡಯ್ಯ, ಹುಬ್ಬು ಎಷ್ಟು ಸ್ಪಷ್ಟ! ನಿನ್ನ ಆಂಪಲ್ಲಿ ಮೂಗೇ ಮಬ್ಬಾಗಿತ್ತು."

"ಹುಬ್ಬಿಗೆ ಬಿಸಿಲು ಬಿತ್ತು ಕಣೋ."

"ಬಿಸಿಲಲ್ಲ, ಕರೆಂಟು. ಈ ಬೀದಿಗೆ ಬರೋದು ಕಲ್ಲಿದ್ದಲಿನ ಕರೆಂಟು, ತಗ್ಗು ಸ್ವರ ಹೊಗೆ ಹೊಗೆ. ನಮ್ಮ ಬೀದೀದು ನೀರಿನ ಕರೆಂಟು, ಎಷ್ಟು ತಂಪು ಗೊತ್ತಾ."

ಇದನ್ನೆಲ್ಲ ಕಿನುಕೊ ಅಜ್ಜಿ ಪೊರಕೆ ಹಿಡಿದು ಹಿಂದೆ ನಿಂತು ಕೇಳುತ್ತಿದ್ದಳು.

"ಕೇಳ್ಬೇಕು ತಾನೇ? ಪಕ್ಕ ಕೂತು ಕೇಳಿ. ಜಿಜೋ ಸ್ವಾಮಿ ಬೇಡ ಅಂತಾರಾ? ಆ ಜಾಲಂದ್ರದಿಂದ ಅರ್ಧ ಹಾಡು ಆಚೆಗೇ ಬರ್ತಿದೆ."

ಮೂವರು ಪಂಡಿತರಿಗೂ ಇದು ಹೊಳೆದಿರಲಿಲ್ಲ. ಮುನಕಾತ ಗುಡಿಯೊಳಗೆ ತೂರಿ, ಜಿಜೋವಿನ ಕೆನ್ನೆಗೆ ಕೆನ್ನೆ ಕೊಟ್ಟು, ಮರದ ಜಾಲಂದ್ರಕ್ಕೆ ಕಿವಿಯಿಟ್ಟ. ಏಳುನೂರ ಇಪ್ಪತ್ತು ಗ್ರಾಮನ್ನೂ ಕಲ್ಲು ಹೊತ್ತಿತ್ತು. ಅವನ ಕುತ್ತಿಗೆ ಹಾಯಾಗಿತ್ತು, ನೆತ್ತಿ ಹಗುರವಾಗಿತ್ತು. ಪಿಯಾನೋ ಮರದೊಳಗಿಂದ ಬೆಚ್ಚಗೆ ಬಂತು. ಕೊನೆಯ ಸ್ವರ ಎದ್ದಿತು, ತೆಳುವಾಯಿತು, ಆರಿತು. ಅವನು ಉಸಿರು ಕಟ್ಟಿ ಕಾದ. ಏನೂ ಇಲ್ಲ. ಆಮೇಲೆ ಚಪ್ಪಾಳೆ.

ಮತ್ತೆ ವಾಲ್ವಿಗೆ ಬದಲಿಸಿದರು. ಸ್ವರ ಆರಿತು. ಏನೂ ಇಲ್ಲ, ಚಪ್ಪಾಳೆ.

"ಏನಾಯ್ತೋ? ಮುಖ ಯಾಕೆ ಹಾಗೆ?" ಎಂದ ಕುರಮೋಚಿ.

"ಏನಿಲ್ಲ."

"ಸರಿ, ಏಳು, ನಾನೂ ಒಂದ್ಸಲ ಹತ್ರದಿಂದ ಕೇಳ್ತೀನಿ," ಎಂದು ಅಜ್ಜಿ ಪೊರಕೆ ಒರಗಿಸಿ ಅವನ ಜಾಗಕ್ಕೆ ಬಂದು ಕೂತಳು. ಹೆಡ್‌ಫೋನನ್ನು ಬೆರಳಿನಿಂದ ಎತ್ತಿ ತೂಗಿ ನೋಡಿದಳು. "ಅಬ್ಬಾ! ನಲವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಇಂಥದನ್ನೇ ತಲೆಗೆ ಕಟ್ಕೊಂಡು ಕೂತವಳು ನಾನು. ನೆತ್ತಿಗೆ ಕೈವಸ್ತ್ರ ಮಡಚಿಟ್ಕೊಳ್ತಿದ್ವಿ. ಇದಕ್ಕೆ ಹಾಸಿಗೇನೇ ಬೇಕು." ಕಣ್ಣು ಮುಚ್ಚಿ ಕೇಳಿದಳು. ಸ್ವರ ಆರಿತು. ಅಜ್ಜಿ ಕಣ್ಣು ಬಿಟ್ಟಳು.

"ಎಲ್ಲ ಚೆನ್ನಾಗಿದೆ. ಆ ಮನುಷ್ಯನ ಸ್ಟೂಲಿಗೆ ಯಾರಾದ್ರೂ ಒಂದು ತೊಟ್ಟು ಎಣ್ಣೆ ಬಿಡಬಾರದಿತ್ತಾ?"

ಮುನಕಾತ ಗುಡಿಯ ಕಂಬ ಹಿಡಿದುಕೊಂಡ.

"ಯಾವ... ಯಾವ ಆಂಪಲ್ಲಿ ಕೇಳಿಸ್ತು ಅಜ್ಜಿ? ಈಗಿನದರಲ್ಲಾ?"

"ಆಂಪೇನೋ ನಂಗೊತ್ತಿಲ್ಲಪ್ಪ. ದಿನಾ ಬೆಳಿಗ್ಗೆ ಗುಡಿಸೋವಾಗ ಕೇಳಿಸ್ತಾನೇ ಇದೆ. ಇವರಿಬ್ಬರ ಪೆಟ್ಟಿಗೆ ಇವತ್ತು ತಾನೇ ಬಂದಿದ್ದು."

ಕಿರುಬೆರಳುದ್ದದ ಪ್ಲೇಯರು ದೀಪದ ಪಕ್ಕದಲ್ಲಿ ಬಿದ್ದಿತ್ತು. ಏಳು ಆಂಪ್ಲಿಫೈಯರುಗಳು, ಹನ್ನೊಂದು ವರ್ಷಗಳು. ಕಪಾಟಿನ ತಳದ ಕಾಗದ ಮುನಕಾತನ ಕಣ್ಣಿಗೆ ಕಟ್ಟಿತು. ಸದ್ದು ಎಲ್ಲೂ ಹೋಗಿರಲಿಲ್ಲ, ಹೋದದ್ದು ತಾನು ಎಂದು ತಿಳಿದಾಗ ಅವನಿಗೆ ಅಲ್ಲೇ ಮೆಟ್ಟಿಲ ಮೇಲೆ ಅಳು ಬಂತು. ವಾಲ್ವುಗಳ ಪಕ್ಕದಲ್ಲಿ ಕೂತು ಮಗುವಿನಂತೆ ಅತ್ತ. ಗೆಳೆಯರಿಬ್ಬರೂ ದಿಕ್ಕು ತೋಚದೆ ತಮ್ಮ ತಮ್ಮ ತಂತಿ ಸುತ್ತತೊಡಗಿದರು.

ಅವನು ಸ್ಟೂಲಿನ ಕಥೆಯನ್ನು ಆಗಲೇ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ಕೇಳಿದ ಕುರಮೋಚಿ, "ಹೌದಲ್ಲ, ನನಗೂ ಈಗ ಕೇಳಿಸ್ತು" ಎಂದ. ಅಸಾಹಿನಾ ತನಗೆ ಎರಡು ಸಲ ಕೇಳಿಸಿತೆಂದ. ಹಾಡು ಆಗ ನಿಂತೇ ಹೋಗಿತ್ತು.

"ವಾಪಸ್ ಬೇಕಾದ್ರೆ ತಗೊಂಡ್ಹೋಗು ಕಣಪ್ಪ," ಎಂದಳು ಅಜ್ಜಿ ಮೆಲ್ಲಗೆ. "ಜಿಜೋ ಸ್ವಾಮಿಗೆ ನಾನು ಹೇಳ್ತೀನಿ."

ಮುನಕಾತ ಮೂಗೊರೆಸಿಕೊಂಡ. "ಏನೂ ಅಲ್ಲ ಬಿಡಿ, ಕೆಲಸಕ್ಕೆ ಬಾರದ ಸಾಮಾನು." ಈ ಸಲ ಯೋಚಿಸಿಯೇ ಹೇಳಿದ. ಆಮೇಲೆ ಕೇಳಿದ, "ಅಜ್ಜಿ, ಅದು ಹೇಗಿತ್ತು? ಬಾಯಲ್ಲಿ ಮಾಡಿ ತೋರಿಸ್ತೀರಾ?"

ಅಜ್ಜಿ ಸುತ್ತಲೂ ನೋಡಿದಳು. ಪೊರಕೆಯನ್ನು ಜಿಜೋವಿನ ಮಡಿಲಿಗೆ ಒರಗಿಸಿ, ಗಂಟಲು ಸರಿಮಾಡಿಕೊಂಡು, ಹಲ್ಲುಗಳ ನಡುವಿನಿಂದ ಸಣ್ಣಗೆ ಎಳೆದಳು: "ಕಿ... ರ್ರ್." ಒಂದು ಕ್ಷಣ ಬಿಟ್ಟು ದೊಡ್ಡದಾಗಿ ಉಸಿರು ಹಾಕಿದಳು.

ಹತ್ತೊಂಬತ್ತನೇ ವಯಸ್ಸಿನಲ್ಲಿ ಕೇಳಿದ್ದೂ ಅದೇ.

"ಇನ್ನೊಂದ್ಸಲ," ಎಂದ ಮುನಕಾತ. ಅಜ್ಜಿ ಇನ್ನೊಂದು ಸಲ ಮಾಡಿದಳು.