ಹ್ಯಾನ್ಲಿಗೆ ಹೆಣ್ಣು ಕೊಡದ ಎಜ್ರಾ

ಎಜ್ರಾ ಕ್ಲೂಲೋ ಬರಿಗೈಯಲ್ಲಿ ಬೀದಿಗಿಳಿದಾಗಲೂ ಅವನ ನೆತ್ತಿಯ ಮೇಲೊಂದು ಹೊರೆಯಿದೆಯೆಂದೇ ಕಂಡವರಿಗೆ ಭಾಸವಾಗುತ್ತಿತ್ತು. ಪಿಂಗಾಣಿ ತುಂಬಿದ ಮಣ್ಣಿನ ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು, ಏಣಿಯೇರಿ, ಅವನ್ನು ಸುಡುವ ಆವಿಗೆಯೊಳಗೆ ಒಂದರ ಮೇಲೊಂದು ಪೇರಿಸುವುದು ಅವನ ನಲವತ್ತು ವರ್ಷಗಳ ಕಸುಬು. ಟೋಪಿಯೊಳಗೆ ಹಳೆಯ ಕಾಲುಚೀಲದ ಸಿಂಬಿ, ಅದರಡಿಯಲ್ಲಿ ಕಂಬದಂಥ ಕತ್ತು. ಯಾರಾದರೂ ಕೂಗಿದರೆ ಆ ಕತ್ತು ಹೊರಳುತ್ತಿರಲಿಲ್ಲ, ಇಡೀ ಆಳೇ ಹೊರಳಬೇಕಾಗಿತ್ತು.

ಅಭಿಪ್ರಾಯಗಳಲ್ಲಿಯೂ ಹಾಗೆಯೇ. ಸಾವಿರದ ಒಂಬೈನೂರ ಹತ್ತರ ಮಾರ್ಚ್ ಕೊನೆಯ ದಿನ ಎಜ್ರಾನ ಊರಾದ ನಮ್ಮ ಲಾಂಗ್‌ಟನ್ನೂ ಕೆಲವು ಮೈಲಿ ಆಚೆಯ ಹ್ಯಾನ್ಲಿಯೂ ಸೇರಿ ಆರು ಕುಂಬಾರಿಕೆಯ ಊರುಗಳು ಸ್ಟೋಕ್-ಆನ್-ಟ್ರೆಂಟ್ ಎಂಬ ಒಂದೇ ಪಟ್ಟಣವಾದಾಗ, ಎಜ್ರಾ ಮದ್ಯದಂಗಡಿಯಲ್ಲಿ ಗದ್ದರಿಸಿದ: "ಆರು ಬಟ್ಟಲು ಕುಟ್ಟಿ ಹಾಕಿದ್ರೆ ಒಂದು ಕೊಡ ಆಗತ್ತೇನ್ರೋ?"

ಅವನ ಸಮಸ್ತ ಕೋಪ ಹ್ಯಾನ್ಲಿಯ ಮೇಲೆ. ದೊಡ್ಡ ಅಂಗಡಿಗಳ, ದೊಡ್ಡ ಮಾತಿನ ಊರದು. ಆ ಬೇಸಗೆಯಲ್ಲೇ, ಬಟ್ಟಲುಗಳಿಗೆ ಹೂ ಬರೆಯುತ್ತಿದ್ದ ಅವನ ಒಬ್ಬಳೇ ಮಗಳು ಕೆಜಾಯ, ಹ್ಯಾನ್ಲಿಯ ಟ್ರಾಮ್ ಕಂಡಕ್ಟರ್ ನೋವಾ ಶೆರಟ್‌ನನ್ನು ಮದುವೆಯಾಗುತ್ತೇನೆಂದಳು.

"ಹ್ಯಾನ್ಲಿಗೆ ಹೆಣ್ಣು ಕೊಡಲ್ಲ."

"ಹ್ಯಾನ್ಲಿ ಎಲ್ಲಿದೆ ಅಪ್ಪಾ? ಈಗ ಎಲ್ಲಾ ಒಂದೇ ಊರಲ್ವಾ?"

"ಊರು ಒಂದು ಮಾಡಿದ ಆ ಕಾಗದ ನಾನು ಒಪ್ಪಿಲ್ಲ."

"ಒಪ್ಕೋ. ಪಕ್ಕದ ಬೀದಿಗೆ ಕೊಟ್ಟಂಗಾಗತ್ತೆ."

ನಾಲ್ಕು ದಿನ ಬಿಟ್ಟು ಮಗಳು ತಗ್ಗಿದ ದನಿಯಲ್ಲಿ, "ಒಂದ್ಸಲ ಅವರ ಮನೇಲಿ ಚಹಾ ಕುಡಿ. ಆಮೇಲೂ ಬೇಡ ಅಂದ್ರೆ ನಾನು ಮತ್ತೆ ಕೇಳಲ್ಲ" ಎಂದಳು. "ಒಂದೇ ಬಟ್ಟಲು, ಅಷ್ಟೇ" ಎಂದು ಎಜ್ರಾ ಒಪ್ಪಿದ.

ಭಾನುವಾರ ಹ್ಯಾನ್ಲಿಯ ಟ್ರಾಮ್ ಹತ್ತಲು ಎಜ್ರಾ ಒಪ್ಪದೆ ಅಪ್ಪ-ಮಗಳಿಬ್ಬರೂ ನಡೆದೇ ಹೋದರು. ನೋವಾನ ತಾಯಿ, ವಿಧವೆ ಟೇಮರ್, ಬಿಸಿ ಓಟ್ಸ್ ದೋಸೆಯೊಳಗೆ ಚೀಸ್ ಸುತ್ತಿಟ್ಟಿದ್ದಳು. ನಮ್ಮವರೆಲ್ಲರ ಅಭ್ಯಾಸದಂತೆ ಎಜ್ರಾ ಮೊದಲು ಖಾಲಿ ಬಟ್ಟಲನ್ನು ಮಗುಚಿ ಅಡಿಯಲ್ಲಿದ್ದ ತಯಾರಕರ ಮುದ್ರೆ ಓದಿದ. ಅದು ಅವನು ದುಡಿಯುವ ಕಾರ್ಖಾನೆಯದೇ.

"ಏನ್ ನೋಡ್ತೀರಿ? ನಿಮ್ಮೂರಿಂದೇ," ಎಂದಳು ಟೇಮರ್. "ಮೂವತ್ತು ವರ್ಷದಿಂದ ಲಾಂಗ್‌ಟನ್ ಬಟ್ಟಲಲ್ಲೇ ಕುಡೀತಿದೀನಿ. ಬಟ್ಟಲು ಕಳಿಸೋವಾಗ ಇಲ್ಲದ ಬಿಗುಮಾನ ಹುಡುಗಿ ಕಳಿಸೋವಾಗ ಯಾಕೆ?"

"ಇದು ಆವಿಗೆಗೆ ಹೋಗಿದ್ದು ನನ್ನ ತಲೆ ಮೇಲೇ ಕಣಮ್ಮ!"

"ಅದಕ್ಕೇ ಇಷ್ಟು ಗಟ್ಟಿ."

ಎಜ್ರಾ ನಕ್ಕ, ಮೇಜಿನ ಮೇಲಿನ ಪಾತ್ರೆಗಳೆಲ್ಲ ಸದ್ದು ಮಾಡುವಂತೆ ನಕ್ಕ. ಆಮೇಲೆ ಬಟ್ಟಲು ಮುಂದೊಡ್ಡಿ, "ತುಂಬಾ ಹಾಕಿ, ಬೀಗಿತ್ತಿ" ಎಂದ. ಕೆಜಾಯ ದೋಸೆಯನ್ನು ಕೈಯಲ್ಲೇ ಹಿಡಿದು ಅತ್ತುಬಿಟ್ಟಳು.

ಸೆಪ್ಟೆಂಬರಿನಲ್ಲಿ ಮದುವೆಯಾಯಿತು, ಎಜ್ರಾ ಟೇಮರಳ ಜೊತೆ ಕುಣಿದ. ಆದರೆ ಸಾಯುವವರೆಗೂ ಅವನು ಹೊಸ ಪಟ್ಟಣದ ಹೆಸರೆತ್ತಲಿಲ್ಲ. "ಮಗಳನ್ನ ಪರ ಊರಿಗೆ ಕೊಟ್ಟಿದೀನಿ" ಎಂದು ಬೀಗುತ್ತಿದ್ದ. ಇಂಥ ಊರಭಿಮಾನಿಗಳು ಎಲ್ಲ ಪಟ್ಟಣಗಳಲ್ಲೂ ಇರುತ್ತಾರೆ. ಗಡಿಕಲ್ಲು ಕೀಳಬಂದವರಿಗೆ ಅಡ್ಡ ನಿಲ್ಲುತ್ತಾರೆ. ಪ್ರೀತಿಯಿಂದ ಚಹಾಕ್ಕೆ ಕರೆದವರ ಮನೆಗೆ ಆ ಕಲ್ಲನ್ನು ತಾವೇ ದಾಟಿ ಹೋಗುತ್ತಾರೆ.