ಅಪ್ಪನ ಕೈಗೆ ಬಂದ ತಲೆ

ಬಸ್ ಡಿಪೋದಲ್ಲಿ ಹರಿದ ಸೀಟುಗಳಿಗೆ ಹೊಸ ರೆಕ್ಸಿನ್ ಹೊಲಿಯುತ್ತಿದ್ದ ಅವನನ್ನು ಎಲ್ಲರೂ ಸೀಟು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಅವನ ಹೊಲಿಗೆ ಬಿಚ್ಚಿಕೊಂಡಿತು ಎಂದು ಯಾರೂ ಇದುವರೆಗೆ ದೂರಿದ್ದಿಲ್ಲ. ಆದರೂ ಬಸ್ಸು ಗೇಟು ದಾಟಿ ಹೋದ ಮೇಲೆ, ಕೊನೆಯ ಗಂಟು ಗಟ್ಟಿಯಾಗಿ ಹಾಕಿದೆನೋ ಇಲ್ಲವೋ ಎಂದು ಊಟದ ಹೊತ್ತಿನಲ್ಲೂ ಕೊರಗುವ ಜಾಯಮಾನ ಅವನದು. ಅಂಥವನ ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು.

ಅಡುಗೆ ಅವನಿಗೆ ಬರುತ್ತಿತ್ತು. ಬಟ್ಟೆ ಒಗೆಯುವುದೂ ಬರುತ್ತಿತ್ತು. ಬಾರದೇ ಇದ್ದದ್ದು ಒಂದೇ, ಮಗಳ ತಲೆ ಬಾಚುವುದು.

ಐದು ವರ್ಷದ ಮಗಳದು ಅಂತಿಂಥ ಗುಂಗುರು ಕೂದಲಲ್ಲ. ಒಂದೊಂದು ಎಳೆಯನ್ನೂ ಪೆನ್ಸಿಲ್ಲಿಗೆ ಸುತ್ತಿ ಬಿಟ್ಟಂತೆ ಸುರುಳಿ ಸುರುಳಿ. ಎಳೆದರೆ ಭುಜಕ್ಕೆ ಬರುತ್ತದೆ, ಬಿಟ್ಟರೆ ಕಿವಿಯ ಮೇಲೆ ಹೋಗಿ ಕೂರುತ್ತದೆ. ಹಳೆಯ ಸೀಟುಗಳ ಹೊಟ್ಟೆಯೊಳಗಿನ ಸ್ಪ್ರಿಂಗು ನೆನಪಾಗಿ ಅವನೇ ಅವಳಿಗೆ ‘ಸ್ಪ್ರಿಂಗು’ ಎಂದು ಅಡ್ಡಹೆಸರಿಟ್ಟಿದ್ದ. ಅವಳಿಗೋ ತನ್ನ ಕೂದಲೆಂದರೆ ಪ್ರಾಣ. ಹಕ್ಕಿಯ ಪುಕ್ಕ, ಪೆನ್ಸಿಲ್ ಚೂರು, ಒಮ್ಮೆ ಅರ್ಧ ಬಿಸ್ಕತ್ತು ಕೂಡ ಅದರೊಳಗೆ ಬಚ್ಚಿಟ್ಟುಕೊಂಡು ಶಾಲೆಗೆ ಹೋಗಿದ್ದಳು.

ಮೊದಲ ದಿನ ಅವನು ಸಣ್ಣ ಹಲ್ಲಿನ ಬಾಚಣಿಗೆ ಹಿಡಿದು, ಒಣ ಕೂದಲಿಗೆ ನೆತ್ತಿಯಿಂದಲೇ ಇಳಿಸಿದ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತಾಯಿತು. ಟಪ್ಪೆಂದು ಬಾಚಣಿಗೆಯ ಹಲ್ಲು ಮುರಿಯಿತು. ಮಗಳು ಕಿಟಾರನೆ ಕಿರುಚಿ ಮಂಚದ ಕೆಳಗೆ ನುಸುಳಿದಳು.

“ಅಮ್ಮಾ, ಅಪ್ಪ ನನ್ ತಲೆ ಕಿತ್ತಾಕ್ತಾನೆ!”

“ರೀ, ಅದು ಮಗು ತಲೆ, ಬಸ್ ಸೀಟಲ್ಲ!” ಎಂದಳು ಹೆಂಡತಿ.

ಅದೇ ಸಂಜೆ, ಕೈ ಮುರಿದವಳನ್ನು ನೋಡಲೆಂದು ಅವನ ಅಕ್ಕ ಬಂದಳು. ತಾಯಿ ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವಳ ಮಾತಿಗೆ ಅವನು ಎದುರಾಡಿದ್ದೇ ಇಲ್ಲ.

“ಏನೋ ಇದು, ಗುಬ್ಬಿ ಗೂಡು!” ಎಂದಳು ಅಕ್ಕ, ಮತ್ತೆ ಮಂಚದ ಕೆಳಗೆ ಸೇರಿದ್ದ ಮಗುವನ್ನು ಬಗ್ಗಿ ನೋಡಿ. “ನಮ್ಮ ಕಡೆ ಯಾರಿಗೂ ಇಂಥ ಕೂದ್ಲಿಲ್ಲ, ನಿನ್ನ ಹೆಂಡ್ತಿ ತವರಲ್ಲೂ ಇಲ್ಲ. ಒಂದ್ಸಲ ಬುಡಕ್ಕೆ ಕತ್ತರಿಸಿಬಿಟ್ರೆ ಮುಂದೆ ನೆಟ್ಟಗೆ ಬರುತ್ತೆ.”

“ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ತಾರಾ ಅತ್ತಿಗೆ?” ಎಂದಳು ಹೆಂಡತಿ.

“ನಿನ್ನ ಕೈ ನೆಟ್ಟಗಿದ್ದಿದ್ರೆ ನಾನ್ಯಾಕೆ ಕೇಳ್ತಿದ್ದೆ? ಮಗು ದಿನಾ ಅಳ್ಬೇಕಾ? ಏನೋ, ನೀನ್ ಹೇಳೋ.”

ಅವನು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ, “ನೋಡೋಣ ಅಕ್ಕ” ಎಂದ.

“ನೋಡೋಕೇನಿದೆ? ಎರಡು ತಿಂಗ್ಳು ಬಿಟ್ಟು ಬರ್ತೀನಿ. ಆಗ್ಲೂ ಇದೇ ಗೋಳಾಗಿದ್ರೆ ಕತ್ತರಿ ನಾನೇ ತರ್ತೀನಿ.”

ಮಂಚದ ಕೆಳಗಿನಿಂದ ಎರಡು ಕಣ್ಣುಗಳು ಅವನನ್ನೇ ನೋಡುತ್ತಿದ್ದವು. ‘ಬೇಡ’ ಎಂಬ ಎರಡಕ್ಷರ ಬಾಯಿಗೆ ಬರಲಿಲ್ಲವಲ್ಲ ಎಂದು ಅವನಿಗೆ ಅಂದು ಊಟ ಸೇರಲಿಲ್ಲ.

ಮರುದಿನದಿಂದಲೇ ಪಾಠ ಶುರುವಾಯಿತು. ಹೆಂಡತಿಯ ಪ್ಲಾಸ್ಟರ್ ಹಾಕಿದ ಕೈ ದಿಂಬಿನ ಮೇಲಿತ್ತು. ಬಾಯಿಗೆ ಪ್ಲಾಸ್ಟರ್ ಇರಲಿಲ್ಲ.

“ಮೊದ್ಲು ನೀರು ಚಿಮುಕ್ಸಿ. ಇನ್ನೂ ಸ್ವಲ್ಪ. ಈಗ ಕಂಡೀಷನರ್. ಜಿಪುಣತನ ಬೇಡ. ಬಾಚಣಿಗೆ ಕೆಳಗಿಡಿ, ಮೊದ್ಲು ಬೆರಳು. ತುದಿಯಿಂದ ರೀ, ತುದಿಯಿಂದ! ಇನ್ನೊಂದ್ ಕೈಲಿ ಬುಡ ಹಿಡ್ಕೊಳ್ಳಿ, ಎಳೆತ ತಲೆಗೆ ತಾಕ್ಬಾರ್ದು.”

ಅವನು ತಲೆಯನ್ನು ನಾಲ್ಕು ಪಾಲು ಮಾಡಿ, ಮಿಕ್ಕ ಪಾಲುಗಳು ಅಡ್ಡ ಬಾರದಂತೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದ.

“ನನ್ನ ಒಣಗಾಕ್ತೀಯಾ ಅಪ್ಪ?”

“ಹೂಂ. ಗಾಳಿಗೆ ಹಾರ್ಬೇಡ.”

ಮಗಳು ನಕ್ಕಳು. ನಕ್ಕವಳೇ ಒಂದು ಕರಾರು ಹಾಕಿದಳು. ತಾನು ಕಂಡಕ್ಟರು, ಅಪ್ಪ ಡ್ರೈವರು. ನೋವಾದರೆ ‘ಹೋಲ್ಡಾನ್’ ಅನ್ನುತ್ತಾಳೆ, ಬಾಚಣಿಗೆ ಅಲ್ಲೇ ನಿಲ್ಲಬೇಕು. ‘ರೈಟ್’ ಅಂದ ಮೇಲೆಯೇ ಹೊರಡಬೇಕು. ಮೊದಮೊದಲು ಸಿಕ್ಕಿಗೊಂದು ಸ್ಟಾಪು. ಅವನು ಡಿಪೋಗೆ ತಡವಾಗಿ ಹೋಗಿ ಮ್ಯಾನೇಜರಿಂದ ಬೈಸಿಕೊಂಡ. ಬರಬರುತ್ತಾ ಹೋಲ್ಡಾನ್‌ಗಳು ಕಡಿಮೆಯಾದವು. ಅಗಲ ಹಲ್ಲಿನ ಬಾಚಣಿಗೆ ಸುರುಳಿಗಳ ನಡುವೆ ಸಲೀಸಾಗಿ ಓಡತೊಡಗಿತು.

ಒಂದು ದಿನ ಮಾತ್ರ ಎಡವಟ್ಟಾಯಿತು. ಹೆಂಡತಿ ಹೇಳಿಕೊಟ್ಟಂತೆ, ಕೂದಲು ಸಿಕ್ಕಾಗದಿರಲೆಂದು ಮಲಗುವ ಮುಂಚೆ ಮಗಳ ತಲೆಗೆ ನುಣುಪು ಬಟ್ಟೆ ಕಟ್ಟುವುದನ್ನು ಅವನು ಮರೆತಿದ್ದ. ಬೆಳಗಾಗುವಷ್ಟರಲ್ಲಿ ಕೂದಲು ಒಂದು ಪಕ್ಕಕ್ಕೆ ಕಂಬಳಿಯಂತೆ ಹೆಣೆದುಕೊಂಡಿತ್ತು. ಅಕ್ಕ ಹೇಳಿದ್ದೇ ಸರಿಯೇನೋ, ಇದು ತನ್ನಂಥವನ ಕೈಲಾಗುವ ಕೆಲಸವಲ್ಲವೇನೋ ಎಂದು ಅವನು ತಲೆಯ ಮೇಲೆ ಕೈ ಹೊತ್ತು ಕೂತ.

“ಇರ್ಲಿ ಬಿಡಪ್ಪ,” ಎಂದಳು ಮಗಳು, ಮಣೆ ಎಳೆದುಕೊಂಡು ಕೂರುತ್ತಾ. “ಇವತ್ತು ಎಲ್ಲಾ ಸ್ಟಾಪಲ್ಲೂ ನಿಲ್ಸು.”

ಈ ಗಡಿಬಿಡಿಯಲ್ಲಿ ಅವನ ತಲೆಯನ್ನು ಕೇಳುವವರೇ ಇರಲಿಲ್ಲ. ಚಿಕ್ಕಂದಿನಲ್ಲಿ ಅಕ್ಕ, ಮದುವೆಯಾದ ಮೇಲೆ ಹೆಂಡತಿ, ಬುಡಮಟ್ಟ ಮೆಷಿನ್ ಹೊಡೆದು ನುಣ್ಣಗೆ ಮಾಡುವುದು ರೂಢಿ. ಈಗ ಮೆಷಿನ್ ಹಿಡಿಯುವ ಕೈಗೇ ಪ್ಲಾಸ್ಟರ್. ಕಟಿಂಗ್ ಶಾಪಿಗೆ ಹೋಗಲು ಪುರುಸೊತ್ತಿಲ್ಲ. ಡಿಪೋದ ಧೂಳಿಗೆಂದು ಹಾಕುವ ಬಟ್ಟೆ ಟೋಪಿಯನ್ನು ಮನೆಯಲ್ಲೂ ಕಿವಿಯವರೆಗೆ ಎಳೆದುಕೊಂಡು ಓಡಾಡುತ್ತಿದ್ದ. ಕನ್ನಡಿ ನೋಡುವ ಚಾಳಿ ಮೊದಲೇ ಇಲ್ಲ. ತಾಯಿ ಮಗಳು ಬೆನ್ನ ಹಿಂದೆ ಪಿಸುಗುಟ್ಟಿ ನಗುವುದು ಕೇಳಿದಾಗ, ತಾನು ಬಾಚುವ ಅಂದಕ್ಕೇ ನಗುತ್ತಿದ್ದಾರೆಂದು ನೊಂದುಕೊಂಡ.

ಹೇಳಿದಂತೆ ಅಕ್ಕ ಬಂದಳು. ಚೀಲದಿಂದ ಕತ್ತರಿ ತೆಗೆದು ಮೇಜಿನ ಮೇಲಿಟ್ಟಳು. ಮಗಳ ಅರ್ಧ ತಲೆ ಆಗಲೇ ಮುಗಿದು ಗುಂಡಗಿನ ಜುಟ್ಟಾಗಿತ್ತು, ಇನ್ನರ್ಧ ಒದ್ದೆಯಾಗಿ ಕ್ಲಿಪ್ಪಿನಲ್ಲಿತ್ತು.

“ಅಳು ನಿಂತಿದೆ, ಸರಿ,” ಎಂದಳು ಅಕ್ಕ. “ಆದ್ರೆ ದಿನಾ ಇಷ್ಟು ಹೊತ್ತಾ? ನೀನು ಎಷ್ಟು ಸೊರಗಿದ್ದೀಯ ನೋಡು. ಬಾ ಪುಟ್ಟಿ, ಅತ್ತೆ ಒಂದೇ ನಿಮಿಷದಲ್ಲಿ ಹಗುರ ಮಾಡಿಬಿಡ್ತೀನಿ.”

ಕತ್ತರಿ ಮೇಜಿನಿಂದ ಮೇಲೆದ್ದಿತು. ಮಗಳು ಅಪ್ಪನ ಮೊಣಕಾಲು ಅವಚಿಕೊಂಡಳು. ಅವಳು ಹೋಲ್ಡಾನ್ ಎನ್ನಲಿಲ್ಲ. ಅವನ ಮುಖವನ್ನೇ ನೋಡಿದಳು.

“ಬೇಡ ಅಕ್ಕ.”

ಅದು ಅವನಿಗೇ ಸರಿಯಾಗಿ ಕೇಳಿಸಲಿಲ್ಲ. ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಹೇಳಿದ. “ಬೇಡ ಅಕ್ಕ. ಈ ತಲೆ ನಾನು ನೋಡ್ಕೋತೀನಿ. ಕತ್ತರಿ ಒಳಗಿಡು.”

ಅಕ್ಕನ ಹುಬ್ಬು ಮೇಲೇರಿತು. “ಓಹೋ, ಮಾತು ಬಂತಾ! ನಮ್ಮ ವಂಶದಲ್ಲೇ ಇಲ್ದಿರೋ ಕೂದ್ಲಿಗೆ ಇಷ್ಟೊಂದು...”

“ಇದೆ ಅತ್ತೆ!” ಮಗಳು ಮಣೆಯ ಮೇಲೆ ಹತ್ತಿ, ಅಪ್ಪನ ಟೋಪಿಯನ್ನು ಸರಕ್ಕನೆ ಕಿತ್ತಳು. “ಇಲ್ಲಿದೆ ನೋಡು!”

ಅವನ ತಲೆಯ ತುಂಬ ಪುಟ್ಟ ಪುಟ್ಟ ಸುರುಳಿಗಳು. ಅಕ್ಕ ಹತ್ತಿರ ಬಂದು ಒಂದನ್ನು ಎಳೆದು ಬಿಟ್ಟಳು. ಅದು ಚಿಮ್ಮಿ ಸ್ವಸ್ಥಾನಕ್ಕೆ ಹೋಗಿ ಕೂತಿತು.

“ಅಯ್ಯೋ, ಹೌದಲ್ಲೋ...” ಅಕ್ಕನ ದನಿ ಇಳಿಯಿತು. “ನೀನ್ ಕೈಗೂಸಾಗಿದ್ದಾಗ ಹೀಗೇ ಇತ್ತು. ಬಾಚೋಕೆ ಹೋದ್ರೆ ರಂಪ ಮಾಡ್ತಿದ್ದೆ. ನಾನೂ ಚಿಕ್ಕೋಳು, ಬೋಳಿಸಿ ಕೈ ತೊಳ್ಕೊಂಡೆ. ಮರ್ತೇ ಹೋಗಿತ್ತು ಕಣೋ.”

“ಕತ್ತರಿಸಿದ್ರೆ ನೆಟ್ಟಗೆ ಬರುತ್ತೆ ಅಂದಿದ್ರಲ್ಲ ಅತ್ತಿಗೆ,” ಹೆಂಡತಿ ಇಷ್ಟು ದಿನ ಕಟ್ಟಿಟ್ಟಿದ್ದ ನಗುವನ್ನು ಬಿಚ್ಚಿದಳು. “ಇಷ್ಟು ವರ್ಷ ಬೋಳಿಸಿದ್ರೂ ಇವರದು ಬಂದಿಲ್ವಲ್ಲ!”

ಅಕ್ಕ ಸೋತ ಮುಖ ಮಾಡಲು ನೋಡಿದಳು, ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಕತ್ತರಿ ಚೀಲಕ್ಕೆ ಹೋಯಿತು. ಅವನು ಮಾತ್ರ ಎರಡೂ ಕೈಯಿಂದ ತನ್ನ ತಲೆಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ, ಯಾರದೋ ತಲೆ ತಪ್ಪಿ ತನ್ನ ಮೇಲೆ ಕೂತಿರುವಂತೆ.

“ಕೂತ್ಕೋ ಇಲ್ಲಿ,” ಎಂದು ಅಕ್ಕ ಅವನನ್ನು ಮಣೆಯ ಮೇಲೆ ಅದುಮಿ ಕೂರಿಸಿ, ಬಾಚಣಿಗೆ ಕಿತ್ತುಕೊಂಡು ನೆತ್ತಿಯಿಂದ ಒಂದೇ ಏಟಿಗೆ ಎಳೆದಳು.

“ಅಯ್ಯಯ್ಯಪ್ಪೋ! ಅಕ್ಕಾ!”

“ಹೋಲ್ಡಾನ್!” ಮಗಳು ಅತ್ತೆಯ ಕೈ ಹಿಡಿದು ನಿಲ್ಲಿಸಿದಳು. “ತುದಿಯಿಂದ ಅತ್ತೆ, ತುದಿಯಿಂದ. ಮೊದ್ಲು ನೀರು.”

ತಾನೇ ಚೊಂಬಿನಲ್ಲಿ ಬೆರಳದ್ದಿ ಅಪ್ಪನ ತಲೆಗೆ ಚಿಮುಕಿಸಿದಳು. ಬುಡವನ್ನು ಎಲ್ಲಿ ಹಿಡಿಯಬೇಕೆಂದು ಅತ್ತೆಗೆ ತೋರಿಸಿದಳು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ಅಪ್ಪನ ಕಣ್ಣಲ್ಲಿ ನೀರಿಲ್ಲವೆಂದು ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡು, ಗಟ್ಟಿಯಾಗಿ ಕೂಗಿದಳು.

“ರೈಟ್, ರೈಟ್!”